ಬೆಳೆಯಲೊಲ್ಲದವರ ವಿದಾಯ

ರಮೋನ್ಸ್ ತಂಡದ ಹದಿನಾಲ್ಕನೆಯ, ಕೊನೆಯ ಸ್ಟುಡಿಯೋ ಆಲ್ಬಮ್ 'ಅಡಿಯೋಸ್ ಅಮಿಗೋಸ್!' ಬಂದದ್ದು 1995ರ ಜುಲೈನಲ್ಲಿ. ಮುಖಪುಟದಲ್ಲಿ ಮೆಕ್ಸಿಕನ್ ಟೋಪಿ ತೊಟ್ಟ ಎರಡು ಡೈನೋಸಾರ್‌ಗಳು. ತಮ್ಮ ಕಾಲ ಮುಗಿಯಿತೆಂದು ತಾವೇ ನಕ್ಕು ಹೇಳಿಕೊಂಡ ಹಾಗೆ.

ಮೊದಲ ಹಾಡು ಅವರದ್ದಲ್ಲ, ಟಾಮ್ ವೇಟ್ಸ್‌ನದು: 'ಐ ಡೋಂಟ್ ವಾನ್ನಾ ಗ್ರೋ ಅಪ್'. ವೇಟ್ಸ್ 1992ರಲ್ಲಿ ಗೊಗ್ಗರು ದನಿಯಲ್ಲಿ ಹಾಡಿದ್ದನ್ನು ಇವರು ಮೂರು ನಿಮಿಷದೊಳಗೆ ಓಡಿಸಿಬಿಡುತ್ತಾರೆ. ಆಲ್ಬಮ್ ಬಂದಾಗ ಜೋಯಿಗೆ 44 ವರ್ಷ. ದನಿಯ ಅಂಚು ಸವೆದಿದೆ, ನನಗೆ ಹಿಡಿಸಿದ್ದೂ ಅದೇ. ದೊಡ್ಡವನಾಗುವುದು ಬೇಡ ಅಂತ ಇಪ್ಪತ್ತರ ಹುಡುಗ ಹಾಡಿದ್ದರೆ ಬರೀ ಹಟ. ಇಲ್ಲಿ ಹಟದ ಕೆಳಗೆ ಭಯವೂ ಕೇಳಿಸುತ್ತದೆ.

1989ರಲ್ಲೇ ತಂಡ ಬಿಟ್ಟಿದ್ದ ಡೀ ಡೀ ಇಲ್ಲಿನ ಹಲವು ಹಾಡುಗಳನ್ನು ಬರೆದಿದ್ದಾನೆ. ಜೋಯಿಗೂ ಗಿಟಾರಿನ ಜಾನಿಗೂ ವರ್ಷಗಳಿಂದ ಮಾತೇ ಇರಲಿಲ್ಲ. ಪಾಲಾದ ಮನೆಯವರು ಹಬ್ಬಕ್ಕೆ ಒಂದೇ ಪಂಕ್ತಿಯಲ್ಲಿ ಕೂತ ಹಾಗಿದೆ. ಸಿ.ಜೆ. ಹಾಡಿದವು ಚುರುಕಾಗಿವೆ, ಆದರೂ ಜೋಯಿಯ ದನಿಯಿಲ್ಲದ ರಮೋನ್ಸ್ ನನ್ನ ಮಟ್ಟಿಗೆ ಉಪ್ಪಿಲ್ಲದ ಸಾರು. ನಡುವೆ ಒಂದೆರಡು ಹಾಡು ಬರೀ ಭರ್ತಿ, ದಾಟಿಸಿದರೂ ನಷ್ಟವಿಲ್ಲ.

ಕೊನೆಯದನ್ನು ಮಾತ್ರ ದಾಟಿಸಬೇಡಿ. 'ಬಾರ್ನ್ ಟು ಡೈ ಇನ್ ಬರ್ಲಿನ್'ನಲ್ಲಿ, ಫೋನಿನಾಚೆಯಿಂದ ಬಂದಂತೆ, ಡೀ ಡೀ ಜರ್ಮನ್‌ನಲ್ಲಿ ಹಾಡುತ್ತಾನೆ. ಇಯರ್‌ಫೋನ್ ಹಾಕಿಕೊಂಡು ಕೇಳಿ.