ಬೀಳದ ಕಾಯಿಯ ಚರಿತ್ರೆ

1994ರ ಜುಲೈ 17ರಂದು ಅಮೆರಿಕದ ಪ್ಯಾಸಡೀನಾದಲ್ಲಿ ನಡೆದ ಫುಟ್‌ಬಾಲ್ ವಿಶ್ವಕಪ್ ಫೈನಲ್ ಗೋಲಿಲ್ಲದೆ ಮುಗಿದು ಪೆನಾಲ್ಟಿ ಒದೆತಗಳಿಗೆ ಹೋಯಿತು. ಇಟಲಿಯ ಪರ ಮೊದಲು ಒದೆದವನು ಫ್ರಾಂಕೊ ಬರೇಸಿ. ಚೆಂಡು ಗೋಲುಪಟ್ಟಿಯ ಮೇಲೆ ಹಾರಿಹೋಯಿತು. ಕೊನೆಗೆ ಒದೆದವನು ರಾಬರ್ಟೊ ಬಾಜಿಯೊ. ಅವನ ಚೆಂಡೂ ಹಾಗೆಯೇ ಮೇಲೆ ಹಾರಿತು. ಬ್ರೆಜಿಲ್ 3-2ರಿಂದ ಗೆದ್ದಿತು. ಇಬ್ಬರದೂ ಒಂದೇ ಬಗೆಯ ಸೋಲು. ಆದರೆ ಜಗತ್ತಿನ ನೆನಪಿನಲ್ಲಿ ಉಳಿದದ್ದು ಸೊಂಟಕ್ಕೆ ಕೈಯಿಟ್ಟು ತಲೆತಗ್ಗಿಸಿ ನಿಂತ ಬಾಜಿಯೊ. ದುರಂತಕ್ಕೆ ನಾಯಕ ಸಿಕ್ಕಿಬಿಟ್ಟ. ಬರೇಸಿ ಅದರ ಪೀಠಿಕೆಯಲ್ಲಿ ಬಂದು ಹೋಗುವ ಪಾತ್ರವಾದ.

ಕೊನೆಯ ಒದೆತವೇ ನಿರ್ಣಾಯಕ, ಆದ್ದರಿಂದ ಹೀಗಾಯಿತು ಎನ್ನಬಹುದು. ನನಗೆ ಅದು ಸಾಲದು. ಆ ಪೆನಾಲ್ಟಿಗೆ ಮುಂಚೆ 120 ನಿಮಿಷಗಳ ಆಟವಿತ್ತು. ರೊಮಾರಿಯೊ, ಬೆಬೆಟೊ ಎಂಬಂಥ ಮುನ್ನಡೆ ಆಟಗಾರರು ಒಂದೂ ಗೋಲು ಹೊಡೆಯದಂತೆ ತಡೆದ ಸಾಲಿನ ನಡುವೆ ನಿಂತಿದ್ದವನು 34 ವರ್ಷದ ಬರೇಸಿ. ಜೂನ್ 23ರಂದು ನಾರ್ವೆ ವಿರುದ್ಧದ ಪಂದ್ಯದಲ್ಲಿ ಅವನ ಮಂಡಿಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಗಿತ್ತು. 24 ದಿನಗಳಲ್ಲಿ ಮೈದಾನಕ್ಕೆ ಮರಳಿದ್ದ. ವಿಶ್ವಕಪ್ ಫೈನಲ್ ಒಂದು ಗೋಲಿಲ್ಲದೆ ಮುಗಿದದ್ದು ಅದೇ ಮೊದಲು. ಆ ಸೊನ್ನೆಯಲ್ಲಿ ಬರೇಸಿಯ ಇಡೀ ಕಸುಬಿದೆ. ಸೊನ್ನೆಯ ಕಥೆಯನ್ನು ಹೇಳುವುದು ಹೇಗೆ?

ಇದು ನನಗೆ ಬರಿಯ ಕ್ರೀಡೆಯ ಪ್ರಶ್ನೆಯಲ್ಲ. ಫುಟ್‌ಬಾಲ್ ನಮ್ಮ ಕಡೆಯ ಆಟವೂ ಅಲ್ಲ. ಶಾಲೆಯ ಮೈದಾನದಲ್ಲಿ ನಾವು ಕಂಡದ್ದು ಕಬಡ್ಡಿ, ವಾಲಿಬಾಲ್, ಖೋಖೋ. ಮಳೆಗಾಲದಲ್ಲಿ ಅದೂ ಇಲ್ಲ. ನನ್ನ ಪಿಎಚ್.ಡಿ. ಕೆಲಸ ಇರುವುದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಅಡಿಕೆ ಬೆಳೆಗಾರರ ಮೌಖಿಕ ಆತ್ಮಕಥನಗಳ ಮೇಲೆ. ರೆಕಾರ್ಡರ್ ಇಟ್ಟು ನಿಮ್ಮ ಬದುಕಿನ ಕಥೆ ಹೇಳಿ ಎಂದರೆ ಎಲ್ಲರೂ ಅನಾಹುತಗಳನ್ನೇ ಹೇಳುತ್ತಾರೆ. ತುಂಗೆ ಉಕ್ಕಿ ಗದ್ದೆಯ ಮೇಲೆ ಮರಳು ಹಾಸಿದ ವರ್ಷ, ಭದ್ರಾ ಅಣೆಕಟ್ಟಿನ ಹಿನ್ನೀರಿಗೆ ಊರು ಬಿಟ್ಟದ್ದು, ಹಳದಿ ಎಲೆ ರೋಗ ತೋಟಕ್ಕೆ ಕಾಲಿಟ್ಟದ್ದು, ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ. ತೋಟ ಚೆನ್ನಾಗಿದ್ದ ವರ್ಷಗಳ ಬಗ್ಗೆ ಕೇಳಿದರೆ ಮಾತು ನಿಂತುಬಿಡುತ್ತದೆ.

ಕೊಪ್ಪದ ಕಡೆಯ ಒಬ್ಬ ಅಜ್ಜನನ್ನು ಕೊಳೆರೋಗದ ಬಗ್ಗೆ ಕೇಳಿದೆ. ಮಲೆನಾಡಿನ ಅಡಿಕೆಗೆ ಮಳೆಗಾಲದ ಶತ್ರು ಅದು. ಹಸಿರು ಕಾಯಿ ಕೊಳೆತು ಮರದ ಬುಡಕ್ಕೆ ಉದುರುತ್ತದೆ. ಅದು ಬಾರದಿರಲೆಂದು ಮಳೆ ಹಿಡಿಯುವ ಮುಂಚೆ ಒಮ್ಮೆ, ಸುಮಾರು 40-45 ದಿನಗಳ ನಂತರ ಇನ್ನೊಮ್ಮೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಕೊಳೆ ಬಂದು ಫಸಲೆಲ್ಲ ಹೋದ ಒಂದು ವರ್ಷದ ಕಥೆಯನ್ನು ಅಜ್ಜ ಮುಕ್ಕಾಲು ಗಂಟೆ ಹೇಳಿದರು. ಉಳಿದ ವರ್ಷಗಳು? "ಎಂತ ಹೇಳೋದು ಮಾರಾಯ್ತಿ, ವರ್ಷಾ ವರ್ಷಾ ಔಷ್ಧಿ ಹೊಡೀತಿದ್ವಿ, ಅಷ್ಟೇ."

ನಲವತ್ತು ವರ್ಷ ಒಂದು ಕ್ರಿಯಾಪದದೊಳಗೆ ಮುಗಿಯಿತು. 'ಹೊಡೀತಿದ್ವಿ'. ಫ್ರೆಂಚ್ ಕಥನಶಾಸ್ತ್ರಜ್ಞ ಜೆರಾರ್ ಜೆನೆಟ್, ಹಲವು ಸಲ ನಡೆದದ್ದನ್ನು ಒಂದೇ ಸಲ ಹೇಳುವ ರೀತಿಯನ್ನು ಬೇರೆಯಾಗಿ ಗುರುತಿಸುತ್ತಾನೆ. ಸಾಂಪ್ರದಾಯಿಕ ಕಥನದಲ್ಲಿ ಅಂಥ ವಾಕ್ಯಗಳು ಹಿನ್ನೆಲೆಗೆ ಸಲ್ಲುತ್ತವೆ, ಮುನ್ನೆಲೆ 'ಒಂದು ದಿನ' ನಡೆದ ಘಟನೆಯದು. ಅಜ್ಜನ ವ್ಯಾಕರಣವೂ ಅದೇ. ಬರೇಸಿಯ ಬಗ್ಗೆ ಬರೆಯುವವರದೂ ಅದೇ ಎಂಬುದು ನನಗೆ ಕಾಣತೊಡಗಿದ್ದು ಆಮೇಲೆ.

ಬರೇಸಿಯ ಬದುಕನ್ನು ನೋಡಿ. 1960ರಲ್ಲಿ ಉತ್ತರ ಇಟಲಿಯ ಬ್ರೆಶಾ ಪ್ರಾಂತ್ಯದಲ್ಲಿ ಹುಟ್ಟಿದ. ಹರೆಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡ. ಅಣ್ಣ ಜುಸೆಪ್ಪೆಯನ್ನು ತೆಗೆದುಕೊಂಡ ಇಂಟರ್ ಕ್ಲಬ್ ಇವನನ್ನು ಬೇಡವೆಂದಿತು, ಅದೇ ಊರಿನ ಎದುರಾಳಿ ಮಿಲಾನ್ ಕರೆದುಕೊಂಡಿತು. 1978ರಲ್ಲಿ ಮೊದಲ ಪಂದ್ಯ, 1997ರಲ್ಲಿ ಕೊನೆಯದು, ನಡುವೆ ಬೇರೆ ಕ್ಲಬ್ಬಿಲ್ಲ. 1980ರಲ್ಲಿ ಬಾಜಿ ಹಗರಣದ ಶಿಕ್ಷೆಯಾಗಿ ಮಿಲಾನ್ ಎರಡನೆಯ ದರ್ಜೆಗೆ ಇಳಿಯಿತು. ಮೇಲೆ ಬಂದು, 1982ರಲ್ಲಿ ಆಟದಲ್ಲೇ ಸೋತು ಮತ್ತೆ ಇಳಿಯಿತು. ಬರೇಸಿ ಬಿಡಲಿಲ್ಲ. ಅದೇ 1982ರಲ್ಲಿ ವಿಶ್ವಕಪ್ ಗೆದ್ದ ಇಟಲಿ ತಂಡದಲ್ಲಿದ್ದ, ಒಂದು ನಿಮಿಷವೂ ಆಡದೆ. ಅವನ ಜೀವನಚರಿತ್ರೆಗಳು ಓಡುವುದು ಇಲ್ಲೆಲ್ಲ. ಇಳಿದದ್ದು, ಮಂಡಿ, ಪೆನಾಲ್ಟಿ. ನಮ್ಮ ಬೆಳೆಗಾರರ ನೆರೆ, ವ್ಯಾಜ್ಯ, ಕೊಳೆ ಇದ್ದ ಹಾಗೆ.

ನಡುವೆ ಇರುವುದು ಆಟ. ಇಟಲಿಯ ಹಳೆಯ ರಕ್ಷಣಾ ಪದ್ಧತಿಗೆ 'ಕತೆನಾಚ್ಚೊ' ಎಂದು ಹೆಸರು. ಬಾಗಿಲ ಅಗುಳಿ ಎಂದರ್ಥ. ಎದುರಾಳಿ ತಂಡದ ಒಬ್ಬೊಬ್ಬನಿಗೆ ಒಬ್ಬೊಬ್ಬ ಕಾವಲುಗಾರ, ಎಲ್ಲರ ಹಿಂದೆ ಯಾರನ್ನೂ ಕಾಯಬೇಕಿಲ್ಲದ 'ಲಿಬೆರೊ', ಅಂದರೆ ಬಿಡುವಾಗಿರುವವನು. ಮುಂದಿನವರು ತಪ್ಪಿದ್ದನ್ನು ಗುಡಿಸುವುದು ಅವನ ಕೆಲಸ. ಬರೇಸಿ ಬೆಳೆದದ್ದು ಈ ಪಾತ್ರದಲ್ಲಿ. 1987ರಲ್ಲಿ ಅರಿಗೊ ಸಾಕಿ ತರಬೇತುದಾರನಾಗಿ ಬಂದು ಅಗುಳಿಯನ್ನೇ ಕಿತ್ತ. ರಕ್ಷಕರು ಗೋಲಿನ ಮುಂದೆ ಕೂತು ಕಾಯುವಂತಿಲ್ಲ, ನಾಲ್ವರೂ ಒಂದೇ ಗೆರೆಯಾಗಿ ಮುಂದಕ್ಕೆ ಸರಿಯಬೇಕು, ಎದುರಾಳಿಯನ್ನು ಆಫ್‌ಸೈಡಿನಲ್ಲಿ ಸಿಕ್ಕಿಸಬೇಕು. ಒಬ್ಬ ಅರೆಹೆಜ್ಜೆ ತಡಮಾಡಿದರೂ ಬೇಲಿ ಮುರಿಯುತ್ತದೆ. ಆ ಗೆರೆಯನ್ನು ಎಳೆಯುತ್ತಿದ್ದವನು ಬರೇಸಿ. ಕೈಯೆತ್ತಿ ಮುಂದೆ ಬರುವ ಅವನ ಭಂಗಿಯೊಂದೇ ಆ ಕಾಲದಿಂದ ಚಿತ್ರವಾಗಿ ಉಳಿದಿದೆ. 1988ರಲ್ಲಿ ಲೀಗ್, 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್.

ಈ ವರ್ಷಗಳನ್ನು ಬರಹಗಾರರು ಹೇಗೆ ದಾಟುತ್ತಾರೆ? ಅಂಕಿಯಿಂದ. 719 ಪಂದ್ಯ, 6 ಲೀಗ್ ಪ್ರಶಸ್ತಿ, ನಿವೃತ್ತಿಯಾದಾಗ ಕ್ಲಬ್ಬು ಯಾರಿಗೂ ಕೊಡದೆ ತೆಗೆದಿಟ್ಟ 6ನೇ ಸಂಖ್ಯೆಯ ಅಂಗಿ. 1993-94ರಲ್ಲಿ ಮಿಲಾನ್ 34 ಪಂದ್ಯಗಳಲ್ಲಿ 36 ಗೋಲು ಮಾತ್ರ ಹೊಡೆದು ಲೀಗ್ ಗೆದ್ದಿತು, ಏಕೆಂದರೆ ಬಿಟ್ಟುಕೊಟ್ಟದ್ದು 15 ಮಾತ್ರ. ನನ್ನ ಕಣ್ಣಿಗೆ ಈ ಅಂಕಿ 'ಹೊಡೀತಿದ್ವಿ' ಎಂಬುದರ ಇನ್ನೊಂದು ರೂಪ. ಮರ್ಯಾದೆ ಕೊಟ್ಟಂತೆ ಕಾಣುತ್ತದೆ, ಕಥೆಯನ್ನು ಮಾತ್ರ ಹೇಳುವುದಿಲ್ಲ.

ಇಲ್ಲಿ ನನ್ನ ವಾದಕ್ಕೇ ಎದುರಾಗುವ ಸಂಗತಿಯೊಂದಿದೆ. ಅದೇ 1994ರ ಮೇ 18ರಂದು ಅಥೆನ್ಸ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಎದುರಿಗೆ ಯೋಹಾನ್ ಕ್ರೈಫ್ ತರಬೇತಿಯ ಬಾರ್ಸಿಲೋನಾ, ಅದರಲ್ಲಿ ಇದೇ ರೊಮಾರಿಯೊ. ಅಮಾನತಾಗಿದ್ದ ಬರೇಸಿ ಆಡುವಂತಿರಲಿಲ್ಲ. ಅವನ ಪಕ್ಕದ ಕೊಸ್ಟಾಕುರ್ಟಾ ಕೂಡ ಇರಲಿಲ್ಲ. ಮಿಲಾನ್ 4-0ಯಿಂದ ಗೆದ್ದಿತು. ಮತ್ತೆ ಸೊನ್ನೆ, ಈ ಸಲ ಬರೇಸಿ ಇಲ್ಲದೆ. ಹಾಗಾದರೆ ಹಿಂದಿನ ಸೊನ್ನೆಗಳು ಯಾರವು? ಔಷಧಿ ಹೊಡೆಯದ ತೋಟದಲ್ಲೂ ಮಳೆ ಕಡಿಮೆಯಾದ ವರ್ಷ ಕಾಯಿ ನಿಲ್ಲುತ್ತದೆ. ತಡೆಯುವ ಕೆಲಸದ ದೊಡ್ಡ ತೊಡಕು ಇದೇ. ಗೋಲು ಹೊಡೆದವನಿಗೆ ಸಾಕ್ಷಿ ಇದೆ, ಬಲೆ ಅಲುಗಾಡಿದ್ದು. ತಡೆದವನಿಗೆ ಸಾಕ್ಷಿ ಎಂದರೆ ಆಗದೇ ಉಳಿದದ್ದು. ಅದು ಬೇರೆ ಕಾರಣದಿಂದಲೂ ಆಗದಿರಬಹುದು. ಅಥೆನ್ಸ್ ಬರೇಸಿಯನ್ನು ಸಣ್ಣವನನ್ನಾಗಿ ಮಾಡುತ್ತದೆ ಎಂದು ನಾನು ಹೇಳಲಾರೆ. ಅವನಿಲ್ಲದೆಯೂ ಸಾಲು ಒಟ್ಟಾಗಿ ಸರಿಯಿತು ಎಂದರೆ ಏಳು ವರ್ಷ ಅವನು ಎಳೆದ ಗೆರೆ ಉಳಿದವರ ಕಾಲಿಗೆ ಇಳಿದಿತ್ತು ಎಂದು ಓದಲು ಬರುತ್ತದೆ. ಆದರೆ ಇದು ಓದು, ಸಾಕ್ಷಿಯಲ್ಲ. ರಕ್ಷಕನ ಜೀವನಚರಿತ್ರೆ ಬರೆಯುವವರು ಈ ಅನುಮಾನವನ್ನು ಜೊತೆಗಿಟ್ಟುಕೊಂಡೇ ಬರೆಯಬೇಕು. ಅದನ್ನು ಮುಚ್ಚಿಡುವ ಹೊಗಳಿಕೆಗಿಂತ ಅಂಕಿಗಳೇ ವಾಸಿ.

ನಮ್ಮ ಪರಂಪರೆಯಲ್ಲಿ ತಡೆಯುವವನಿಗೆ ಜಾಗವಿದೆಯೇ? ನನಗೆ ನೆನಪಾಗುವವನು ಸೈಂಧವ. ಶಿವನ ವರದಿಂದ ಒಂದು ದಿನ, ಅರ್ಜುನನೊಬ್ಬನನ್ನು ಬಿಟ್ಟು, ಉಳಿದ ನಾಲ್ವರು ಪಾಂಡವರನ್ನು ಚಕ್ರವ್ಯೂಹದ ಬಾಗಿಲಲ್ಲಿ ತಡೆದು ನಿಲ್ಲಿಸಿದವನು. ಕಸುಬಿನ ದೃಷ್ಟಿಯಿಂದ ಮಹಾಭಾರತದ ಶ್ರೇಷ್ಠ ರಕ್ಷಣೆ ಅದೇ ಇರಬೇಕು. ಆದರೆ ಕಥೆ ಒಳಗೆ ನುಗ್ಗಿದ ಅಭಿಮನ್ಯುವಿನದು. ಮಳೆಗಾಲದ ತಾಳಮದ್ದಳೆಯಲ್ಲಿ ಸೈಂಧವನ ಅರ್ಥಕ್ಕೆ ಸಿಗುವುದು ಸ್ವಲ್ಪ ಹೊತ್ತು, ಅದೂ ಖಳನಾಗಿ. ಅವನು ತಡೆದದ್ದು ಅನ್ಯಾಯಕ್ಕಾಗಿ ಎಂಬುದು ನಿಜ. ಆದರೂ ಭೀಮನಂಥವನನ್ನು ಬಾಗಿಲಲ್ಲಿ ನಿಲ್ಲಿಸುವುದೆಂದರೆ ಏನು ಎಂದು ನಿಂತು ಕೇಳುವ ಕುತೂಹಲ ನಮಗೆ ಹುಟ್ಟುವುದು ಅಪರೂಪ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಈ ವ್ಯಾಕರಣವನ್ನು ಬಹಳ ಮಟ್ಟಿಗೆ ಮುರಿದರು. ಮಳೆ, ಇಂಬಳ, ಕಾಡುದಾರಿ, ನಾಯಿಗುತ್ತಿಯ ನಡಿಗೆ ಎಲ್ಲಕ್ಕೂ ಅಲ್ಲಿ ಮುನ್ನೆಲೆಯ ತಾಳ್ಮೆ ಸಿಗುತ್ತದೆ. ಆದರೂ ಗುತ್ತಿಯ ನಾಯಿ ಹುಲಿಯನನ್ನು ನೆನೆಯುವ ಓದುಗರಲ್ಲಿ ಹೆಚ್ಚಿನವರಿಗೆ ನೆನಪಿರುವುದು ಅದು ತುಂಗೆಯಲ್ಲಿ ಕೊಚ್ಚಿಹೋದದ್ದು. ದಾರಿಯುದ್ದಕ್ಕೂ ಅದು ಯಜಮಾನನನ್ನು ಕಾದದ್ದಲ್ಲ. ಬರೆದರೂ ಓದುವುದಿಲ್ಲ ಎಂದಾಯಿತು!

ನನ್ನ ಹೋಲಿಕೆ ಕುಂಟುವ ಜಾಗವೂ ಇದೆ. ಬರೇಸಿ ಜಗತ್ತೇ ನೋಡುತ್ತಿದ್ದ ಆಟಗಾರ. ಅಜ್ಜ ತೋಟದ ಯಜಮಾನರು. ಜಾರುವ ಮರ ಹತ್ತಿ ಗೊನೆಗೆ ನಿಜವಾಗಿ ಔಷಧಿ ಹೊಡೆದ ಕೊನೆಗಾರ ನನ್ನ ರೆಕಾರ್ಡಿಂಗುಗಳಲ್ಲಿ ಇನ್ನೂ ದನಿಯಾಗಿ ಬಂದಿಲ್ಲ. 'ಹೊಡೀತಿದ್ವಿ' ಎಂಬ ಬಹುವಚನದೊಳಗೆ ಅವನೂ ಸೇರಿಹೋಗಿದ್ದಾನೆ. ಈಗ ಅಂಥವರನ್ನು ಹುಡುಕಿ ಹೋಗುತ್ತಿದ್ದೇನೆ, ಅದು ಇನ್ನೊಂದು ಬರಹದ ಮಾತು.

ಪ್ರಶ್ನೆಯನ್ನೂ ಬದಲಿಸಿದ್ದೇನೆ. ಏನಾಯಿತು ಎಂದು ಕೇಳುವ ಬದಲು, ಹೊಡೆಯುವ ಮುಂಚೆ ಏನೇನು ನೋಡುತ್ತಿದ್ದಿರಿ ಎಂದು ಕೇಳುತ್ತೇನೆ. ಅದೇ ಅಜ್ಜ ಎರಡನೆಯ ಭೇಟಿಯಲ್ಲಿ ಎರಡು ಗಂಟೆ ಮಾತಾಡಿದರು. ಗಾಳಿ ಯಾವ ಕಡೆಯಿಂದ ಬೀಸಿದರೆ ಎಷ್ಟು ದಿನ ಹೊಳವು ಸಿಗುತ್ತದೆ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಎಂಬುದು ಲೆಕ್ಕವಾದರೂ ಸುಣ್ಣದ ಗುಣ ನೋಡಿ ಕೈ ಬದಲಿಸಬೇಕಾದದ್ದು. ಬೆರೆಸಿದ ದ್ರಾವಣದಲ್ಲಿ ಕಬ್ಬಿಣದ ಚೂರಿ ಅದ್ದಿ, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯುವುದು. ಯಾವ ಮೂಲೆಯ ಮರಗಳಿಗೆ ಬಿಸಿಲು ತಾಗದು, ಕೊಳೆ ಮೊದಲು ಎಲ್ಲಿ ಇಣುಕುತ್ತದೆ. ಇದರಲ್ಲಿ ಘಟನೆ ಒಂದೂ ಇರಲಿಲ್ಲ. ನನ್ನ ಸಂಗ್ರಹದಲ್ಲಿ ಇದಕ್ಕಿಂತ ಒಳ್ಳೆಯ ಕಥನವೂ ಇಲ್ಲ.

ಪ್ಯಾಸಡೀನಾದ ಪಂದ್ಯವನ್ನೂ ಹೀಗೆ ನೋಡಲು ಕೂತೆ, ಚೆಂಡನ್ನು ಬಿಟ್ಟು 6ನೇ ಸಂಖ್ಯೆಯ ಅಂಗಿಯನ್ನು ಮಾತ್ರ. ಅದು ಸುಲಭವಲ್ಲ. ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ, ಬರೇಸಿ ಎಷ್ಟೋ ಹೊತ್ತು ಚೌಕಟ್ಟಿನಲ್ಲೇ ಇರುವುದಿಲ್ಲ. ಬ್ರೆಜಿಲ್‌ನ ಯಾರೋ ಚೆಂಡನ್ನು ಮುಂದಕ್ಕೆ ತಳ್ಳುತ್ತಾರೆ, ಚಿತ್ರ ಆ ಕಡೆಗೆ ಸರಿಯುತ್ತದೆ, ಅಲ್ಲಿ ಆತ ಆಗಲೇ ನಿಂತಿರುತ್ತಾನೆ. ಯಾವಾಗ ಹೊರಟ, ಏನನ್ನು ನೋಡಿ ಹೊರಟ ಎಂಬುದು ಮಾತ್ರ ಟೇಪಿನಲ್ಲಿ ಇಲ್ಲ.