ಚಲಚ್ಚಿತ್ರ ಸಂಗ್ರಹ: ಪೂರ್ವಪಕ್ಷವೂ ಸಿದ್ಧಾಂತವೂ

ಗ್ರಂಥಸಂಗ್ರಹವು ಸದ್ಗೃಹಸ್ಥನ ಮನೆಗೆ ಭೂಷಣವೆಂಬುದು ಬಹುಕಾಲದಿಂದ ನಡೆದುಬಂದ ಮಾತು. ಓಲೆಗರಿಯ ಕಟ್ಟುಗಳನ್ನು ಅರಿವೆಯಲ್ಲಿ ಸುತ್ತಿ, ಮಾಡದಲ್ಲಿಟ್ಟು, ಆಗಾಗ ಗಾಳಿಬಿಸಿಲಿಗೆ ತೋರಿಸಿ, ಸರಸ್ವತೀಪೂಜೆಯ ದಿನ ಮಣೆಯ ಮೇಲೇರಿಸಿ ಪೂಜಿಸುತ್ತಿದ್ದ ಮನೆಗಳು ಕನ್ನಡ ನಾಡಿನಲ್ಲಿ ಎಷ್ಟೋ ಇದ್ದುವು. ಆ ಮಾಡದ ಮಗ್ಗುಲಲ್ಲಿ ಈಗ ಅಲ್ಲಲ್ಲಿ ಇನ್ನೊಂದು ಬಗೆಯ ಸಂಗ್ರಹವು ಕಾಣಬರುತ್ತಿರುವುದು. ಅದು ವಿಡಿಯೋ ಕ್ಯಾಸೆಟ್ಟು, ವಿ.ಸಿ.ಡಿ., ಡಿ.ವಿ.ಡಿ., ಬ್ಲೂ-ರೇ ಎಂಬ ಹೆಸರುಗಳಿಂದ ಮನೆಗೆ ಬಂದ ಉತ್ತಮ ಚಲಚ್ಚಿತ್ರಗಳ ಸಂಗ್ರಹ. ಇದು ವಿದ್ಯಾವ್ಯಾಸಂಗವೋ, ಹಣವಂತರ ಹವ್ಯಾಸವೋ, ಅಥವಾ ಬರಿಯ ಆಟಿಕೆಗಳ ರಾಶಿಯೋ ಎಂಬುದು ವಿಚಾರಣೀಯವಾದ ವಿಷಯ. ಶಾಸ್ತ್ರಕಾರರ ಕ್ರಮದಲ್ಲಿ ಮೊದಲು ಪೂರ್ವಪಕ್ಷವನ್ನು ಹೇಳಿ, ಆಮೇಲೆ ಸಿದ್ಧಾಂತವನ್ನು ನೋಡುವುದು ಯುಕ್ತ.

ಆಕ್ಷೇಪಗಳು ನಾಲ್ಕು. ಚಲಚ್ಚಿತ್ರವು ಒಂದು ಸಂಜೆಯ ವಿನೋದ; ಉಂಡ ಎಲೆಯನ್ನು ಯಾರೂ ಕಾಪಿಡುವುದಿಲ್ಲವೆಂಬುದು ಮೊದಲನೆಯದು. ಇಂದು ಎಲ್ಲ ಚಿತ್ರಗಳೂ ಅಂತರ್ಜಾಲದ ಮೂಲಕ ಬೇಕೆಂದಾಗ ದೊರೆಯುತ್ತಿರುವಲ್ಲಿ ಕಪಾಟು ತುಂಬಿಸುವುದೇಕೆಂಬುದು ಎರಡನೆಯದು. ದೃಶ್ಯಕಾವ್ಯಕ್ಕೆ ಸಭೆಯೇ ಪ್ರಾಣ. ಒಬ್ಬೊಬ್ಬನೇ ಮನೆಯಲ್ಲಿ ಕುಳಿತು ನೋಡಿದರೆ ರಸೋತ್ಪತ್ತಿಯಾಗದೆಂಬುದು ಮೂರನೆಯದು. ಕಲಾತ್ಮಕವೆನಿಸಿಕೊಂಡ ಚಿತ್ರಗಳಲ್ಲಿ ಹಲವು ಸಂಪ್ರದಾಯಸ್ಥರ ಮನೆಯನ್ನೂ ಮಠವನ್ನೂ ಪಾಠಶಾಲೆಯನ್ನೂ ನಿಂದಿಸುತ್ತಿರುವಾಗ, ಅಂಥವನ್ನು ಶಿಷ್ಟರ ಮನೆಯಲ್ಲಿ ಇಡುವುದು ಉಚಿತವೇ ಎಂಬುದು ನಾಲ್ಕನೆಯದು. ಇವುಗಳಲ್ಲಿ ಕಡೆಯದೇ ಗಹನವಾದುದು.

ಮೊದಲನೆಯ ಆಕ್ಷೇಪಕ್ಕೆ ಉತ್ತರವನ್ನು ಕನ್ನಡ ಸಾಹಿತ್ಯಚರಿತ್ರೆಯೇ ಕೊಡುತ್ತದೆ. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳೂ, ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳೂ ಇಂದು ಹೆಸರಿಗೆ ಮಾತ್ರ ಉಳಿದಿವೆ. ಒಂದು ಕಾಲದಲ್ಲಿ ಅವೂ ಸಭೆಯನ್ನು ರಂಜಿಸಿದ ಕೃತಿಗಳೇ. ಪ್ರತಿ ಮಾಡಿ ಇಟ್ಟುಕೊಳ್ಳುವವರ ಕೈ ನಿಂತಕೂಡಲೆ ಇಲ್ಲವಾದುವು. ಚಲಚ್ಚಿತ್ರಕ್ಕೂ ಇದೇ ಗತಿಯಾಗಿದೆ. 1934ನೆಯ ಮಾರ್ಚಿಯಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತೀ ಸುಲೋಚನಾ ಇಂದು ಎಲ್ಲಿಯೂ ನೋಡಸಿಗದು. ಅದರ ಯಾವ ಪ್ರತಿಯೂ ದೊರೆತಿಲ್ಲ. ಸಾವಿರ ವರ್ಷಗಳ ಹಿಂದಿನ ರನ್ನನ ಕಾವ್ಯ ಕಳೆದುದಕ್ಕೆ ಗೆದ್ದಲನ್ನೂ ಯುದ್ಧವನ್ನೂ ದೂರಬಹುದು. ನೂರು ವರ್ಷವೂ ತುಂಬದ ಚಿತ್ರವು ಕಳೆದುದಕ್ಕೆ ದೂರುವುದು ಯಾರನ್ನು? ವಿನೋದವೆಂದು ಉಪೇಕ್ಷಿಸಿದವರನ್ನೇ ಅಲ್ಲವೆ?

ಹಳೆಯ ಚಿತ್ರಗಳ ಶರೀರವೂ ಕ್ಷಣಭಂಗುರವಾದುದೇ. 1950ರ ಸುಮಾರಿನವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಬೆಂಕಿಗೆ ಅತಿಪ್ರಿಯವಾದ ವಸ್ತು, ನೀರಿನೊಳಗೂ ಉರಿಯಬಲ್ಲುದು. ಅನಂತರ ಬಂದ ಅಸಿಟೇಟ್ ಫಿಲ್ಮು ಸೆಕೆಯಲ್ಲಿ ಹುಳಿವಾಸನೆ ಹೊಮ್ಮಿಸುತ್ತ ಸುಕ್ಕಿಹೋಗುವುದು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯವು ಸ್ಥಾಪಿತವಾಗಿ, ಪಿ. ಕೆ. ನಾಯರ್ ಅವರು ಊರೂರು ತಿರುಗಿ ಸುರುಳಿಗಳನ್ನು ಕಲೆಹಾಕುವ ವೇಳೆಗೆ ಮೂಕಚಿತ್ರಗಳಲ್ಲಿ ಬಹುಪಾಲು ಕಳೆದುಹೋಗಿದ್ದುವು. ಉಳಿಸಿದವುಗಳಲ್ಲಿಯೂ ಅನೇಕ ನೈಟ್ರೇಟ್ ಸುರುಳಿಗಳು 2003ರ ಜನವರಿಯಲ್ಲಿ ಪುಣೆಯಲ್ಲಿಯೇ ಬೆಂಕಿಗೆ ಆಹುತಿಯಾದುವು. ಒಂದೇ ಸ್ಥಳದಲ್ಲಿ ಎಲ್ಲವನ್ನೂ ಇಟ್ಟು ನಿಶ್ಚಿಂತರಾಗುವುದು ಸಲ್ಲದೆಂಬುದು ಇದರಿಂದ ವೇದ್ಯ.

ಖಾಸಗಿ ಸಂಗ್ರಹಗಳು ಈ ನಷ್ಟವನ್ನು ಎಷ್ಟರಮಟ್ಟಿಗೆ ತುಂಬಬಲ್ಲುವೆಂಬುದಕ್ಕೆ ಹೊರನಾಡಿನ ನಿದರ್ಶನಗಳಿವೆ. ಜರ್ಮನಿಯ ಫ್ರಿಟ್ಸ್ ಲಾಂಗ್ ಎಂಬುವರ ಮೆಟ್ರೊಪೊಲಿಸ್ ಚಿತ್ರವು 1927ರಲ್ಲಿ ತೆರೆಕಂಡ ಕೆಲವೇ ತಿಂಗಳುಗಳಲ್ಲಿ ಕತ್ತರಿಗೆ ಸಿಕ್ಕಿ ಮೊಟಕಾಯಿತು. ಕಳೆದ ಭಾಗದಲ್ಲಿ ಬಹುಪಾಲು 2008ರಲ್ಲಿ ದೊರೆತುದು ದೂರದ ಬ್ಯೂನಸ್ ಐರಿಸ್ ನಗರದಲ್ಲಿ. ಅದು ಸಂಗ್ರಾಹಕನೊಬ್ಬನ ಕೈಯಿಂದ ವಸ್ತುಸಂಗ್ರಹಾಲಯಕ್ಕೆ ಬಂದ, ಗೀರುಗಳಿಂದ ತುಂಬಿದ ಪ್ರತಿ. ಡ್ರೇಯರನ ಜೋನ್ ಆಫ್ ಆರ್ಕ್ ಚಿತ್ರದ ಮೂಲಸುರುಳಿ ಸುಟ್ಟುಹೋಗಿ, 1981ರಲ್ಲಿ ಒಂದು ಒಳ್ಳೆಯ ಪ್ರತಿಯು ಓಸ್ಲೋದ ಮಾನಸಿಕ ಚಿಕಿತ್ಸಾಲಯದ ಕಪಾಟಿನಲ್ಲಿ ಸಿಕ್ಕಿತು. ಗಣಪತಿ ಶಾಸ್ತ್ರಿಗಳಿಗೆ ಭಾಸನ ನಾಟಕಗಳು ತಿರುವಾಂಕೂರಿನ ಒಂದು ಮನೆಯ ಓಲೆಗಳಲ್ಲಿ ದೊರೆತುದಕ್ಕೂ ಇದಕ್ಕೂ ಏನು ಭೇದ?

ಎರಡನೆಯ ಆಕ್ಷೇಪವು ಮೇಲುನೋಟಕ್ಕೆ ಬಲವಾದುದು. ಆದರೆ ಅಂತರ್ಜಾಲದಲ್ಲಿ ದೊರೆಯುವ ಚಿತ್ರವು ನೋಡುವವನ ಸ್ವತ್ತಲ್ಲ, ಎರವಲು. ಹಕ್ಕಿನ ಕರಾರು ಮುಗಿದ ದಿನ ಅದು ಮಾಯವಾಗುವುದು. ಹೆಚ್ಚು ಜನ ಕೇಳುವ ಚಿತ್ರವಷ್ಟೇ ಅಲ್ಲಿ ಸ್ಥಿರವಾಗಿ ನಿಲ್ಲುವುದರಿಂದ, ಕೆಲವರಷ್ಟೇ ಕೇಳುವ ಉತ್ತಮ ಚಿತ್ರಕ್ಕೆ ಅಲ್ಲಿ ನೆಲೆಯಿಲ್ಲ. ಹಾಗೆಂದು ಡಿಸ್ಕುಗಳೇ ಶಾಶ್ವತವೆಂದು ಹೇಳುವಂತಿಲ್ಲ. 2007ರಲ್ಲಿ ಮೋಸರ್ ಬೇರ್ ಸಂಸ್ಥೆಯು ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರಲಾರಂಭಿಸಿದಾಗ ಸಾಮಾನ್ಯ ಉಪಾಧ್ಯಾಯನ ಮನೆಗೂ ಚಿತ್ರಸಂಗ್ರಹವು ನಿಲುಕಿತು. 2018ರಲ್ಲಿ ಆ ಸಂಸ್ಥೆಯು ಸಮಾಪನಕ್ಕೆ ಸಂದಿತು. ವಿಡಿಯೋ ಕ್ಯಾಸೆಟ್ಟಿನ ಯಂತ್ರಗಳ ತಯಾರಿಕೆಯು 2016ರಲ್ಲಿಯೇ ನಿಂತಿತು. ಲಿಪಿ ಬಲ್ಲವರಿಲ್ಲದ ಓಲೆಯೂ ಯಂತ್ರವಿಲ್ಲದ ಕ್ಯಾಸೆಟ್ಟೂ ಸಮಾನ. ಆದಕಾರಣ ಸಂಗ್ರಾಹಕನು ಡಿಸ್ಕಿನೊಡನೆ ಯಂತ್ರವನ್ನೂ ಕಾಪಾಡಬೇಕು. ಹಳೆಯ ಮಾಧ್ಯಮವು ಕೆಡುವ ಮುನ್ನ ಹೊಸದಕ್ಕೆ ಪ್ರತಿಯೆತ್ತುವ ಬಗೆಯನ್ನೂ ಯೋಚಿಸಬೇಕು. ಹಿಂದಿನ ಲಿಪಿಕಾರರು ಮಾಡುತ್ತಿದ್ದುದೂ ಇದನ್ನೇ.

ಮೂರನೆಯ ಆಕ್ಷೇಪಕ್ಕೆ ಹೆಗ್ಗೋಡೇ ಸಾಕ್ಷಿ. ಕೆ. ವಿ. ಸುಬ್ಬಣ್ಣನವರ ನೀನಾಸಂ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವೊಂದನ್ನು ಕಟ್ಟಿ, ಅಡಕೆತೋಟಗಳ ನಡುವಣ ಆ ಹಳ್ಳಿಯಲ್ಲಿ ಜಪಾನಿನ ಕುರೊಸಾವಾ, ಇಟಲಿಯ ಡಿ ಸಿಕಾ, ಬಂಗಾಳದ ಸತ್ಯಜಿತ್ ರಾಯ್ ಮೊದಲಾದವರ ಚಿತ್ರಗಳನ್ನು ತೋರಿಸಿತು. ಪುಣೆಯ ಸತೀಶ್ ಬಹಾದ್ದೂರ್, ನಾಯರ್ ಮುಂತಾದವರ ನೆರವಿನಿಂದ ರಸಗ್ರಹಣ ಶಿಬಿರಗಳನ್ನು ನಡೆಸಿತು. ರಾಶೋಮೋನ್ ಅರ್ಥವಾಗಲು ರಾಜಧಾನಿಯಲ್ಲಿಯೇ ವಾಸಿಸಬೇಕೆಂಬ ಭ್ರಮೆಯು ಅಲ್ಲಿಗೆ ಹರಿಯಿತು. ನಾಟ್ಯಶಾಸ್ತ್ರದಲ್ಲಿ ಭರತಮುನಿಯು ಪ್ರೇಕ್ಷಕನ ಲಕ್ಷಣವನ್ನು ಹೇಳುವಾಗ ಅವನ ಊರನ್ನು ಕೇಳುವುದಿಲ್ಲ, ಮನಸ್ಸನ್ನು ಕೇಳುತ್ತಾನೆ. ಸಂಗ್ರಹವು ಮನೆಯಲ್ಲಿದ್ದ ಮಾತ್ರಕ್ಕೆ ಪ್ರದರ್ಶನವೂ ಏಕಾಂತದಲ್ಲಿಯೇ ಆಗಬೇಕೆಂಬ ನಿಯಮವಿಲ್ಲ.

ಇನ್ನು ನಾಲ್ಕನೆಯದು. 1970ರ ಸಂಸ್ಕಾರ, 1977ರ ಘಟಶ್ರಾದ್ಧ ಎರಡೂ ಯು. ಆರ್. ಅನಂತಮೂರ್ತಿಯವರ ಕಥೆಗಳಿಂದ ಹುಟ್ಟಿದುವು. ಎರಡೂ ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆಂಬ ಪ್ರಶಸ್ತಿಯನ್ನು ಪಡೆದುವು. ಪಟ್ಟಾಭಿರಾಮರೆಡ್ಡಿಯವರ ಸಂಸ್ಕಾರಕ್ಕೆ ಸೆನ್ಸಾರು ಮಂಡಲಿಯು ಮೊದಲು ಅನುಮತಿಯನ್ನೇ ನಿರಾಕರಿಸಿದ್ದಿತು. ಗಿರೀಶ ಕಾಸರವಳ್ಳಿಯವರ ಘಟಶ್ರಾದ್ಧದ ಕಥೆ ನಡೆಯುವುದು ವೇದಪಾಠಶಾಲೆಯೊಂದರಲ್ಲಿ. ಗುರುವಿನ ಮಗಳಾದ ಬಾಲವಿಧವೆ ಯಮುನಾ ಗರ್ಭಿಣಿಯಾಗುತ್ತಾಳೆ. ಬದುಕಿರುವವಳಿಗೇ ಘಟವೊಡೆದು ಶ್ರಾದ್ಧ ಮಾಡಿ ಬಹಿಷ್ಕರಿಸುತ್ತಾರೆ. ಇದನ್ನೆಲ್ಲ ನೋಡುವುದು ಹೊಸದಾಗಿ ಪಾಠಕ್ಕೆ ಬಂದ ನಾಣಿಯೆಂಬ ಹುಡುಗನ ಕಣ್ಣು. ಪಾಠಶಾಲೆಯ ಅನ್ನವುಂಡು, ಗುರುಗಳ ಪಾದದ ಬಳಿ ಕುಳಿತು ಓದಿದವರಿಗೆ ಈ ಚಿತ್ರವು ಸುಲಭವಾಗಿ ಜೀರ್ಣವಾಗತಕ್ಕುದಲ್ಲ. ಆ ಶಾಲೆಗಳಲ್ಲಿ ವಾತ್ಸಲ್ಯವೂ ಇದ್ದಿತು, ತ್ಯಾಗವೂ ಇದ್ದಿತು. ಅವಕ್ಕೆ ಚಿತ್ರದಲ್ಲಿ ಸಾಕಷ್ಟು ಎಡೆ ದೊರೆತಿಲ್ಲವೆಂದು ಹೇಳುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಹುಡುಗನಿಗೆ ಯಮುನೆಯ ಮೇಲಿರುವ ಅಕ್ಕರೆಯೂ ಆ ಜಗುಲಿಯ ಮೇಲೆಯೇ ಬೆಳೆದುದೆಂಬುದನ್ನು ಮರೆಯಬಾರದು. ಮಂತ್ರವನ್ನು ಕಲಿಯಬಂದವನು ಕರುಣೆಯನ್ನು ಕಲಿತು ಹಿಂದಿರುಗುವನು. ಚಿತ್ರದ ನಿಂದೆಯು ವಿದ್ಯೆಯ ಮೇಲಲ್ಲ; ಕರುಣೆಯನ್ನು ಹೊರಗಟ್ಟಿದ ವಿದ್ಯೆಯ ಮೇಲೆ.

ಒಂದು ವೇಳೆ ನಿಂದೆಯೇ ಆಗಿದ್ದರೂ, ಕಾಪಿಡುವುದರಲ್ಲಿ ದೋಷವಿಲ್ಲ. ಜಯರಾಶಿಭಟ್ಟನ ತತ್ತ್ವೋಪಪ್ಲವಸಿಂಹವೆಂಬ ಗ್ರಂಥವು ಎಲ್ಲ ದರ್ಶನಗಳನ್ನೂ ಅಲ್ಲಗಳೆಯುತ್ತದೆ, ಜೈನದರ್ಶನವನ್ನೂ ಬಿಡುವುದಿಲ್ಲ. ಅದರ ಹಸ್ತಪ್ರತಿಯು 1926ರಲ್ಲಿ ದೊರೆತುದೆಲ್ಲಿ? ಗುಜರಾತಿನ ಪಾಟಣದ ಜೈನಭಂಡಾರದಲ್ಲಿ! ತಮ್ಮ ಮತವನ್ನೇ ಖಂಡಿಸಿದ ಓಲೆಯನ್ನು ಆ ಭಂಡಾರದವರು ಶತಮಾನಗಳವರೆಗೆ ಅರಿವೆ ಬದಲಿಸಿ ಕಾಪಾಡಿದರು. ಅತ್ತ ಚಾರ್ವಾಕರ ಮೂಲಸೂತ್ರಗಳು ಎದುರಾಳಿಗಳ ಉದ್ಧರಣೆಗಳಲ್ಲಿ ಚೂರುಚೂರಾಗಿ ಮಾತ್ರ ಉಳಿದಿವೆ. ಇದರಿಂದ ಖಂಡಿಸಿದವರಿಗೇ ನಷ್ಟವಾಯಿತು, ಪೂರ್ವಪಕ್ಷವು ಪೂರ್ಣವಾಗಿಲ್ಲದೆ ಸಿದ್ಧಾಂತವು ಬಲಿಯುವುದು ಹೇಗೆ? ಮೆಚ್ಚಿದುದನ್ನು ಮಾತ್ರ ಕೂಡಿಡುವವನು ಕನ್ನಡಿಯನ್ನು ಕೂಡಿಡುತ್ತಾನೆ. ನೋಯಿಸಿದುದನ್ನೂ ಕೂಡಿಡುವವನೇ ಭಂಡಾರಿ.

ಕಾಪಿಡುವುದೆಂದಮೇಲೆ ಎಂಥ ಪ್ರತಿಯನ್ನು ಎಂಬ ಪ್ರಶ್ನೆ ಬರುತ್ತದೆ. ಪುಣೆಯ ಲಾ ಕಾಲೇಜು ರಸ್ತೆಯಲ್ಲಿ ಚಲಚ್ಚಿತ್ರ ಸಂಗ್ರಹಾಲಯವಿದೆ. ಅದೇ ರಸ್ತೆಯಲ್ಲಿ, 1919ರಿಂದ 1966ರವರೆಗೆ ದುಡಿದು ಮಹಾಭಾರತದ ಪರಿಷ್ಕೃತ ಪಾಠವನ್ನು ಸಿದ್ಧಪಡಿಸಿದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವೂ ಇದೆ. ಎರಡು ಸಂಸ್ಥೆಗಳದೂ ಮೂಲತಃ ಒಂದೇ ಕೆಲಸ. ಲಿಪಿಕಾರನ ದೋಷಗಳಂತೆ ಡಿಸ್ಕು ಮಾಡುವವರ ದೋಷಗಳೂ ಇವೆ. ಮೊದಲನೆಯದು ಲೋಪ. ಚೌಕಕ್ಕೆ ಸಮೀಪವಾದ ಹಳೆಯ ಚಿತ್ರವನ್ನು ಇಂದಿನ ಅಗಲವಾದ ತೆರೆಗೆ ತುಂಬಿಸಬೇಕೆಂದು ಮೇಲೆ ಕೆಳಗೆ ಕತ್ತರಿಸಿದರೆ ಕಾಲು ಭಾಗದಷ್ಟು ಚಿತ್ರವೇ ಹೋಗುವುದು. ಎರಡನೆಯದು ವಿಕಾರ. ಸೆಕೆಂಡಿಗೆ 24 ಚಿತ್ರಗಳಂತೆ ತೆಗೆದುದನ್ನು ದೂರದರ್ಶನದ ಕ್ರಮಕ್ಕೆ 25ರಂತೆ ಓಡಿಸಿದರೆ 100 ನಿಮಿಷದ ಚಿತ್ರವು 96 ನಿಮಿಷಕ್ಕೆ ಮುಗಿಯುವುದಲ್ಲದೆ, ಧ್ವನಿಯು ಒಂದು ಸ್ವರಸ್ಥಾನದ ಮುಕ್ಕಾಲು ಪಾಲಿನಷ್ಟು ಏರುವುದು. ಜಿ. ವಿ. ಅಯ್ಯರ್ ಅವರ ಹಂಸಗೀತೆಯಂತಹ ಸಂಗೀತಪ್ರಧಾನ ಚಿತ್ರಕ್ಕೆ ಹೀಗಾದರೆ ಅದು ಬರಿಯ ಕಾಲವ್ಯತ್ಯಾಸವಲ್ಲ, ಶ್ರುತಿಭಂಗ. ಮೂರನೆಯದು ಮಾಲಿನ್ಯ. ವಿ.ಸಿ.ಡಿ.ಯ ಚಿತ್ರದಲ್ಲಿ ಬ್ಲೂ-ರೇಯಲ್ಲಿರುವ ಬಿಂದುಗಳ 20ರಲ್ಲಿ 1 ಪಾಲು ಮಾತ್ರ ಇರುವುದು. ಒಂದು ಡಿಸ್ಕಿಗೆ 74 ನಿಮಿಷ ಮಾತ್ರ ಹಿಡಿಯುವುದರಿಂದ ಪ್ರಸಂಗವು ನಡುವೆ ತುಂಡಾಗುವುದೂ ಉಂಟು.

ಇವು ಸಣ್ಣ ದೋಷಗಳೆಂದು ಭಾವಿಸಲಾಗದು. ಘಟಶ್ರಾದ್ಧವು ಕಪ್ಪುಬಿಳುಪಿನ ಚಿತ್ರ. ಎಸ್. ರಾಮಚಂದ್ರ ಅವರ ಛಾಯಾಗ್ರಹಣದಲ್ಲಿ ಕತ್ತಲೆಗೂ ಪದರಗಳಿವೆ. ಯಮುನಾ ರಾತ್ರಿಯಲ್ಲಿ ಕಾಡಿಗೆ ಹೋಗಿ ಸಾವನ್ನು ಬಯಸಿ ಹುತ್ತದೊಳಗೆ ಕೈಯಿಡುವ ಪ್ರಸಂಗವು ಸವೆದ ಪ್ರತಿಯಲ್ಲಿ ಬರಿಯ ಮಸಿಯ ಮುದ್ದೆ. ಮುಖವಿಲ್ಲ, ಕೈಯಿಲ್ಲ, ಭಯವೂ ಇಲ್ಲ. ಆ ಚಿತ್ರವನ್ನು ಅಂಥ ಪ್ರತಿಯಲ್ಲಿ ನೋಡಿ ನೀರಸವೆಂದವರು ನೋಡಿದುದು ಚಿತ್ರವನ್ನಲ್ಲ, ಅಪಪಾಠವನ್ನು. ಸಂತೋಷದ ಸಂಗತಿಯೆಂದರೆ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಅಮೆರಿಕೆಯ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಸಂಸ್ಥೆಗಳು ಇದನ್ನು ಜೀರ್ಣೋದ್ಧಾರಗೊಳಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿಸಿದುವು. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯಕ್ಕೂ ಇಂಥದೇ ಪುನರ್ಜನ್ಮವಾಯಿತು. 1993ರಲ್ಲಿ ಲಂಡನ್ನಿನ ಬೆಂಕಿಯಲ್ಲಿ ಬೆಂದ ಮೂಲಸುರುಳಿಗಳನ್ನು ಇಟಲಿಯ ಬೊಲೋನ್ಯಾದಲ್ಲಿ ಎಳೆಯೆಳೆಯಾಗಿ ಬಿಡಿಸಿ, 2015ರಲ್ಲಿ ಹೊಸ ಪ್ರತಿಯನ್ನು ಹೊರತಂದರು. ಅದರ ಡಿಸ್ಕುಗಳನ್ನು ಪ್ರಕಟಿಸಿದ ಅಮೆರಿಕೆಯ ಕ್ರೈಟೀರಿಯನ್ ಸಂಸ್ಥೆಯು 1984ರಲ್ಲಿಯೇ ಕಿಂಗ್ ಕಾಂಗ್ ಚಿತ್ರದ ಜೊತೆಗೆ ವಿದ್ವಾಂಸರೊಬ್ಬರ ವ್ಯಾಖ್ಯಾನವನ್ನೂ ಮುದ್ರಿಸಿ ಕೊಟ್ಟಿತು. ಮಲ್ಲಿನಾಥನ ವ್ಯಾಖ್ಯೆಯಿಲ್ಲದೆ ಕಾಳಿದಾಸನನ್ನು ಓದದ ದೇಶಕ್ಕೆ ಈ ಪದ್ಧತಿಯು ಹೊಸತೆನಿಸಬೇಕಾಗಿಲ್ಲ. ಚೋಮನ ದುಡಿ, ತಬರನ ಕಥೆ, ತಾಯಿ ಸಾಹೇಬ ಇವುಗಳಿಗೆ ಇಂಥ ಸಟೀಕ ಮುದ್ರಣ ಕನ್ನಡದಲ್ಲಿ ಬರಬೇಕೆಂಬುದು ನ್ಯಾಯವಾದ ಅಪೇಕ್ಷೆ.

ಸಂಗ್ರಾಹಕರಲ್ಲಿಯೂ ದೋಷವಿಲ್ಲದಿಲ್ಲ. ಕೊಂಡ ಡಿಸ್ಕಿನ ಹೊದಿಕೆಯನ್ನು ಸಹ ಬಿಚ್ಚದೆ ಸಾಲಾಗಿ ಜೋಡಿಸಿ ಲೆಕ್ಕವನ್ನೇ ಹೇಳಿಕೊಳ್ಳುವವರಿದ್ದಾರೆ. ಒಂದೇ ಚಿತ್ರವನ್ನು ಹೊರಪೆಟ್ಟಿಗೆಯ ಅಂದಕ್ಕಾಗಿ ಮೂರು ಸಲ ಕೊಳ್ಳುವವರಿದ್ದಾರೆ. ಕೇಳಿದವರಿಗೆ ಕೊಡದವರಂತೂ ಹೇರಳ. ಇವರನ್ನು ನಿಧಿಯ ಮೇಲಣ ಸರ್ಪಕ್ಕೆ ಹೋಲಿಸಬಹುದಲ್ಲದೆ ರಸಿಕರೆನ್ನಲಾಗದು.

ರಾಯಚೂರು ಸೀಮೆಗೆ ಈ ವಿಷಯದಲ್ಲಿ ಒಂದು ಹಿರಿಯ ಮೇಲ್ಪಂಕ್ತಿಯಿದೆ. ಚೀಕಲಪರವಿಯ ವಿಜಯದಾಸರ, ಮೊಸರಕಲ್ಲಿನ ಗೋಪಾಲದಾಸರ, ಮಾನವಿಯ ಜಗನ್ನಾಥದಾಸರ ಹಾಡುಗಳನ್ನು ಉಳಿಸಿದವರಲ್ಲಿ ಅರಸರಿಗಿಂತ ಮನೆಗಳ ಹೆಂಗಸರೇ ಮುಂದು. ನೆರೆಮನೆಯವರ ಹಾಡಿನ ಪುಸ್ತಕವನ್ನು ತಂದು, ದೀಪದ ಬೆಳಕಿನಲ್ಲಿ ನಕಲು ಮಾಡಿಕೊಂಡು, ಬೆಳಗಾದರೆ ಹಾಡಿ, ಮಗಳು ಗಂಡನ ಮನೆಗೆ ಹೋಗುವಾಗ ಇನ್ನೊಂದು ಪ್ರತಿಯನ್ನು ಕೊಟ್ಟು ಕಳಿಸಿದರು. ಅವರ ಸಂಗ್ರಹವು ಬಳಕೆಯಿಂದ ಬದುಕಿತು, ಹಂಚಿಕೆಯಿಂದ ಬೆಳೆಯಿತು. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂತಹ ಊರಿನಲ್ಲಿ ಚಿತ್ರಸಂಗ್ರಹವೂ ಇದೇ ದಾರಿಯನ್ನು ಹಿಡಿಯಬಹುದು. ಮನೆಮನೆಯಲ್ಲಿರುವ ಡಿಸ್ಕುಗಳ ಒಂದು ಪಟ್ಟಿ. ತಿಂಗಳಿಗೊಮ್ಮೆ ಶಾಲೆಯ ಕೊಠಡಿಯಲ್ಲಿಯೋ ಗುಡಿಯ ಪ್ರಾಂಗಣದಲ್ಲಿಯೋ ಒಂದು ಚಿತ್ರ. ಮುಗಿದಮೇಲೆ ಅರ್ಧ ಗಂಟೆಯ ಚರ್ಚೆ. ಇದಕ್ಕೆ ಹಣಕ್ಕಿಂತ ಮನಸ್ಸೇ ಹೆಚ್ಚಾಗಿ ಬೇಕು. ಬೇಸಗೆಯಲ್ಲಿ 40 ಡಿಗ್ರಿಯನ್ನು ದಾಟುವ ಈ ಸೀಮೆಯಲ್ಲಿ ಡಿಸ್ಕುಗಳನ್ನು ಬಿಸಿಲು ಬೀಳದ ಗೋಡೆಯ ಕಡೆ ನೆಟ್ಟಗೆ ನಿಲ್ಲಿಸಿಡುವುದು, ಅಂಚು ಹಿಡಿದೇ ಎತ್ತುವುದು, ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯದಂತೆ ಮಳೆಗಾಲದಲ್ಲಿ ನೋಡಿಕೊಳ್ಳುವುದು ಇವಿಷ್ಟು ಅವಶ್ಯ.

ಈ ಸೀಮೆಯ ಮಸ್ಕಿಯಲ್ಲಿ ಅಶೋಕನ ಹೆಸರನ್ನು ಹೊತ್ತ ಬಂಡೆಯು 1915ರಲ್ಲಿ ಬೆಳಕಿಗೆ ಬಂದಿತು. ಎರಡು ಸಾವಿರ ವರ್ಷ ಯಾರ ಆರೈಕೆಯೂ ಇಲ್ಲದೆ ಆ ಅಕ್ಷರಗಳು ಉಳಿದುವು. ಅದು ಕಲ್ಲಿನ ಗುಣ. ಚಲಚ್ಚಿತ್ರಕ್ಕೆ ಆ ಭಾಗ್ಯವಿಲ್ಲ. ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದರೆ ಮಾತ್ರ ಉಳಿಯತಕ್ಕುದು. ಸತೀ ಸುಲೋಚನೆಯನ್ನು ಕಳೆದುಕೊಂಡ ಭಾಷೆಯು ಘಟಶ್ರಾದ್ಧವನ್ನೂ ಸಂಸ್ಕಾರವನ್ನೂ ಕಳೆದುಕೊಳ್ಳಬಾರದು. ಒಪ್ಪುವವರೂ ಒಪ್ಪದವರೂ ಕೂಡಿ ಕಾಪಾಡಲಿ. ವಿವಾದವನ್ನು ಆಮೇಲೆ, ಚಿತ್ರವನ್ನು ಮುಂದಿಟ್ಟುಕೊಂಡು, ಸಾವಕಾಶವಾಗಿ ಮಾಡಬಹುದು.