ಮಾಹಿಮಿನ ಮನೆಯಲ್ಲಿ ದೇವರ ಜಾಗ

ಬುಧವಾರ ಪಶ್ಚಿಮ ರೈಲ್ವೆಯ ಲೋಕಲ್ಲಿನಲ್ಲಿ ಓಡಾಡುವವರಿಗೆ ಮಾಹಿಮ್ ಸ್ಟೇಷನ್ನಿನ ಜನಜಂಗುಳಿ ಗೊತ್ತಿದ್ದದ್ದೇ. ಸೇಂಟ್ ಮೈಕೆಲ್ ಇಗರ್ಜಿಯಲ್ಲಿ 1948ರಿಂದ ನಡೆದು ಬಂದಿರುವ ನೊವೆನಾಕ್ಕೆ ಕ್ರೈಸ್ತರಷ್ಟೇ ಅಲ್ಲ, ಎಲ್ಲರೂ ಇಳಿಯುತ್ತಾರೆ. ಹೊರಗೆ ಮೇಣದ ಮನೆ, ಮೇಣದ ಮಗು ಮಾರುತ್ತಾರೆ. ನಿಮಗೇನು ಬೇಕೋ ಅದನ್ನು ಕೊಂಡು ಮಾತೆಯ ಮುಂದಿಡಬೇಕು. ಬದುಕುವ ಆಸೆಯನ್ನೇ ಕಳೆದುಕೊಂಡವರ ಮನೆಯವರು ಯಾವ ಮೇಣದ ಗೊಂಬೆ ಕೊಳ್ಳಬೇಕು? ಜೆರ್ರಿ ಪಿಂಟೊ ಅವರ ‘ಎಮ್ ಆಂಡ್ ದ ಬಿಗ್ ಹೂಮ್’ (2012) ಓದಿದ ಮೇಲೆ ಆ ಸ್ಟೇಷನ್ ದಾಟುವಾಗಲೆಲ್ಲ ನನಗೆ ಈ ಪ್ರಶ್ನೆ ಬರುತ್ತದೆ.

ಕಾದಂಬರಿ ನಡೆಯುವುದು ಅದೇ ಮಾಹಿಮಿನ ಒಂದು ಪುಟ್ಟ ಫ್ಲ್ಯಾಟಿನಲ್ಲಿ. ಗೋವಾ ಮೂಲದ ಕ್ಯಾಥೊಲಿಕ್ ಕುಟುಂಬ: ತಾಯಿ ಇಮೆಲ್ಡಾ, ಅಂದರೆ ಎಮ್, ತಂದೆ ಆಗಸ್ಟಿನ್, ಅಂದರೆ ಬಿಗ್ ಹೂಮ್, ಮಗಳು ಸುಸಾನ್, ಕತೆ ಹೇಳುವ ಮಗನಿಗೆ ಹೆಸರಿಲ್ಲ. ಎಮ್ ಬೀಡಿ ಸೇದುತ್ತಾಳೆ, ಚಹಾ ಕುಡಿಯುತ್ತಾಳೆ, ಮಕ್ಕಳ ಮುಂದೆ ಲಂಗುಲಗಾಮಿಲ್ಲದೆ ಮಾತಾಡುತ್ತಾಳೆ, ನಗಿಸುತ್ತಾಳೆ. ಆಮೇಲೆ ಕತ್ತಲೆಗೆ ಬೀಳುತ್ತಾಳೆ. ಮತ್ತೆ ಮತ್ತೆ ಸಾಯಲು ಯತ್ನಿಸುತ್ತಾಳೆ. ಜೆ.ಜೆ. ಆಸ್ಪತ್ರೆಯ ಮನೋರೋಗ ವಾರ್ಡು ಆ ಮನೆಯ ಇನ್ನೊಂದು ಕೋಣೆಯೇ ಆಗಿಬಿಟ್ಟಿದೆ.

ಕೊನೆಗೆ ಅವಳಿಗೆ ಬರುವುದು ತಾನಾಗಿ ಬಂದ ಸಾವು. ಹಾಗಾಗಿ ಇದು ಆತ್ಮಹತ್ಯೆಯ ಕಾದಂಬರಿಯಲ್ಲ ಎಂದು ಯಾರಾದರೂ ಹೇಳಬಹುದು. ನಾನು ಒಪ್ಪುವುದಿಲ್ಲ. ಇನ್ನೂ ಆಗದ ಸಾವಿನ ಸೂತಕವನ್ನು ಆ ಮನೆ ವರ್ಷಗಟ್ಟಲೆ ಆಚರಿಸುತ್ತದೆ. ಸಂಜೆ ಮನೆಗೆ ಬಂದು ಬಾಗಿಲಲ್ಲಿ ನಿಂತಾಗ ಒಳಗೇನಾಗಿದೆಯೋ ಎಂಬ ಭಯ, ತಾನು ಹುಟ್ಟಿದ ಮೇಲೇ ಅಮ್ಮನಿಗೆ ಇದು ಶುರುವಾಯಿತಲ್ಲ ಎಂಬ ಅಪರಾಧಭಾವ: ಕಳೆದುಕೊಂಡವರು ಆಮೇಲೆ ಅನುಭವಿಸುವುದನ್ನು ಈ ಹುಡುಗ ಮುಂಚಿತವಾಗಿಯೇ ಅನುಭವಿಸುತ್ತಾನೆ.

ಅವನ ನಂಬಿಕೆ ಕರಗುವುದನ್ನು ಪಿಂಟೊ ದೊಡ್ಡ ದಂಗೆಯಾಗಿ ಬರೆಯುವುದಿಲ್ಲ. ದೇವರನ್ನು ಬೈದು ಇಗರ್ಜಿಯಿಂದ ಎದ್ದು ಹೋಗುವ ದೃಶ್ಯ ಇಲ್ಲಿಲ್ಲ. ನಂಬಿಕೆ ಸದ್ದಿಲ್ಲದೆ ಸೋರಿ ಹೋಗುತ್ತದೆ. ಅದೇ ಸರಿ ಎನ್ನಿಸುತ್ತದೆ. ಆದರೆ ಮಾತಿನಿಂದ ದೇವರು ಹೋಗುವುದಿಲ್ಲ. ಆಣೆಯಲ್ಲಿ, ತಮಾಷೆಯಲ್ಲಿ, ಪ್ರಾರ್ಥನೆಯಲ್ಲಿ ಇದ್ದೇ ಇರುತ್ತಾನೆ. ನಂಬದವನಾದ ಮೇಲೂ ಆ ಹುಡುಗನಿಗೆ ಜಗಳವಾಡಲು ಬೇರೆ ಯಾರೂ ಇಲ್ಲ.

ಇದರ ಹಿಂದೆ ಒಂದು ಹಳೆಯ ಹೆದರಿಕೆಯೂ ಇದೆ. 1917ರ ಕ್ಯಾಥೊಲಿಕ್ ಧರ್ಮಸಂಹಿತೆ ಬೇಕೆಂದೇ ಜೀವ ತೆಗೆದುಕೊಂಡವರಿಗೆ ಇಗರ್ಜಿಯ ಅಂತ್ಯಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆ ಆ ಪಟ್ಟಿಯಿಂದ ಅವರನ್ನು ಕೈಬಿಟ್ಟಿತು. 1992ರ ಧರ್ಮೋಪದೇಶ ಗ್ರಂಥವು ಕೃತ್ಯವನ್ನು ತಪ್ಪೆಂದರೂ ತೀವ್ರ ಮನೋವ್ಯಥೆ ಹೊಣೆಯನ್ನು ಕಡಿಮೆ ಮಾಡುತ್ತದೆ ಎಂದಿತು; ಅಂಥವರ ಮೋಕ್ಷದ ಬಗ್ಗೆ ಆಸೆ ಬಿಡಬೇಡಿ ಎಂದಿತು. ನಮ್ಮ ಸರ್ಕಾರದ ಕಾನೂನು ಇದೇ ದಾರಿಗೆ ಬಂದದ್ದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ. ಈಗ ‘ಟೆಲಿ ಮಾನಸ್’ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಆದರೂ ನೆರೆಯವರ ಪಿಸುಮಾತು ಕಾನೂನು ಓದಿ ಬದಲಾಗುವಂಥದ್ದಲ್ಲ. ಬಿಲ್ಡಿಂಗಿನಲ್ಲಿ ಇಂಥ ಸಾವಾದಾಗ ಲಿಫ್ಟಿನಲ್ಲಿ ಏನು ಮಾತು ನಡೆಯುತ್ತದೆಂದು ನಮಗೆಲ್ಲ ಗೊತ್ತು.

ಆಶ್ಚರ್ಯವೆಂದರೆ ಬೈಬಲ್ಲು ಈ ಪಿಸುಮಾತಿಗಿಂತ ಧಾರಾಳಿ. ಪ್ರವಾದಿ ಎಲೀಯ ಅಡವಿಯಲ್ಲಿ ಗಿಡದಡಿ ಕೂತು ಸಾವು ಕೇಳುತ್ತಾನೆ. ದೇವದೂತ ಬಂದು ಉಪದೇಶ ಮಾಡುವುದಿಲ್ಲ, ಎಬ್ಬಿಸಿ ರೊಟ್ಟಿ ತಿನ್ನಿಸುತ್ತಾನೆ. 88ನೆಯ ಕೀರ್ತನೆ ಯಾವ ಸಮಾಧಾನವನ್ನೂ ಹೇಳದೆ ಕತ್ತಲೆಯಲ್ಲೇ ಮುಗಿಯುತ್ತದೆ. ಬಿಗ್ ಹೂಮ್ ಮಾಡುವುದೂ ಆ ದೇವದೂತನ ಕೆಲಸವನ್ನೇ: ದುಡಿಯುತ್ತಾನೆ, ಅಡುಗೆ ಮಾಡುತ್ತಾನೆ, ಆಸ್ಪತ್ರೆಗೆ ಓಡುತ್ತಾನೆ, ಬಾಯಿ ಬಿಡುವುದಿಲ್ಲ.

ನನ್ನ ತಕರಾರು ಇರುವುದೂ ಅಲ್ಲಿಯೇ. ಆ ಮನುಷ್ಯ ಒಮ್ಮೆಯಾದರೂ ಸಿಟ್ಟಿನಿಂದ ತಟ್ಟೆ ಎಸೆಯಬಾರದಿತ್ತೇ? ಮಗನ ಪ್ರೀತಿ ಅಪ್ಪನನ್ನು ಸಂತನ ಪೀಠದ ಮೇಲೆ ಕೂರಿಸಿಬಿಟ್ಟಿದೆ. ದೇವರಿಂದ ತೆರವಾದ ಜಾಗ ಬಹುಶಃ ಖಾಲಿ ಉಳಿಯಲಿಲ್ಲ. ಎಮ್‌ಗೆ ಮಾತ್ರ ಆ ಗತಿ ಬಂದಿಲ್ಲ. ಅವಳು ಕೊನೆಯವರೆಗೂ ಬೀಡಿಯ ವಾಸನೆಯ, ಒರಟು ಬಾಯಿಯ ಹೆಂಗಸಾಗಿಯೇ ಇರುತ್ತಾಳೆ.